ಮೊದಲ ರಿವಾಲ್ವರ್ ಯಾವುದಿರಬೇಕು: ಹಳಬರ ನೆನಪುಗಳನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ರಿವಾಲ್ವರ್ ಇಟ್ಟುಕೊಂಡವರನ್ನು ಅವರ ಮೊದಲ ರಿವಾಲ್ವರ್ ಯಾವುದೆಂದು ಕೇಳಿದರೆ ಯಾರೂ ತಡಕಾಡುವುದಿಲ್ಲ. ನಳಿಗೆ ಎಷ್ಟು ಅಂಗುಲದ್ದು, ಹಿಡಿಯ ಮರ ಯಾವ ಬಣ್ಣದ್ದು, ಮೊದಲ ದಿನ ಪಕ್ಕದಲ್ಲಿ ನಿಂತು ಕಲಿಸಿದವರು ಯಾರು ಎಂಬುದೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತದೆ. "ಅದು ಈಗಲೂ ನಿಮ್ಮಲ್ಲಿದೆಯೇ?" ಎಂಬ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ ಎರಡು ದಾರಿ ಹಿಡಿಯುತ್ತದೆ. ಕೆಲವರು ಇದೆ ಎನ್ನುತ್ತಾರೆ, ಹೋದ ವಾರವೂ ಅದರಲ್ಲಿ ಗುರಿ ಹೊಡೆದೆನೆಂದು ಸೇರಿಸುತ್ತಾರೆ. ಇನ್ನು ಕೆಲವರು ಒಂದು ಕ್ಷಣ ಸುಮ್ಮನಿದ್ದು, ವರ್ಷದೊಳಗೇ ಮಾರಿಬಿಟ್ಟೆ ಎನ್ನುತ್ತಾರೆ. ಈ ಎರಡನೆಯ ಪ್ರಶ್ನೆಯನ್ನು ನಾನು ಬಹಳ ವರ್ಷಗಳಿಂದ ಪರಿಚಿತರಿಗೆಲ್ಲ ಕೇಳುತ್ತ ಬಂದಿದ್ದೇನೆ. ಮೊದಲನೆಯದನ್ನು ಉಳಿಸಿಕೊಂಡವರ ಕೈಯಲ್ಲಿ ಇದ್ದದ್ದು ಬಹುಮಟ್ಟಿಗೆ .22 ಅಥವಾ ನಾಲ್ಕು ಅಂಗುಲ ನಳಿಗೆಯ, ಮಧ್ಯಮ ಗಾತ್ರದ, .38 ಹಾರಿಸುವ ರಿವಾಲ್ವರ್ (ಈ ಅಂಕಿಗಳು ಗುಂಡಿನ ಅಳತೆಯ ಹೆಸರುಗಳು). ಮಾರಿದವರು ಕೊಂಡಿದ್ದದ್ದು ಒಂದೋ ತೀರಾ ಹಗುರವಾದದ್ದು, ಇಲ್ಲವೇ ತೀರಾ ಬಲವಾದದ್ದು.

ಆದ್ದರಿಂದ ಈ ಹೋಲಿಕೆಯನ್ನು ಒಂದೇ ಅಳತೆಗೋಲಿನಿಂದ ಮಾಡುತ್ತಿದ್ದೇನೆ. ನೋವಿಲ್ಲದೆ, ಹೆದರಿಕೆಯಿಲ್ಲದೆ, ಖರ್ಚಿಗೆ ಹಿಂಜರಿಯದೆ ಎಷ್ಟು ಗುಂಡುಗಳನ್ನು ಹಾರಿಸಿ ಕಲಿಯಲು ಅದು ಬಿಡುತ್ತದೆ ಎಂಬುದೇ ಆ ಅಳತೆಗೋಲು. ಕೊಳ್ಳುವ ಮೊದಲು ನಿಮ್ಮ ದೇಶದ ಪರವಾನಗಿ ನಿಯಮಗಳನ್ನು ಪೂರ್ತಿಯಾಗಿ ಓದಿಕೊಳ್ಳಿ. ಯಾವ ಗುಂಡಿನ ಅಳತೆಗೆ ಅನುಮತಿ ಇದೆ, ಎಷ್ಟು ಗುಂಡು ಇಟ್ಟುಕೊಳ್ಳಬಹುದು, ಮನೆಯಲ್ಲಿ ಹೇಗೆ ಬೀಗ ಹಾಕಿಡಬೇಕು ಎಂಬುದನ್ನು ಕಾನೂನೇ ಗೊತ್ತುಮಾಡುವ ಕಡೆಗಳಲ್ಲಿ ಆಯ್ಕೆಯ ಅರ್ಧ ಕೆಲಸ ಅಲ್ಲಿಯೇ ಮುಗಿದಿರುತ್ತದೆ.

ಹಗುರವಾದದ್ದರ ಆಕರ್ಷಣೆ

ನನ್ನ ಮೊದಲನೆಯದು ಅಂಗೈಯಲ್ಲಿ ಅಡಗುವಂಥದ್ದು. ಅಲ್ಯೂಮಿನಿಯಂ ಫ್ರೇಮ್ (ಮುಖ್ಯ ಚೌಕಟ್ಟು), ಎರಡು ಅಂಗುಲಕ್ಕಿಂತ ಚೂರು ಕಡಿಮೆ ಇದ್ದ ನಳಿಗೆ, ಐದು ಗುಂಡು, .38 ಸ್ಪೆಷಲ್. ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಇಷ್ಟು ಹಗುರವಾದ ವಸ್ತು ಇಷ್ಟು ಕೆಲಸ ಮಾಡುತ್ತದೆಯೇ ಎಂದು ಬೆರಗಾಗಿತ್ತು. ಮೊದಲ ಐದು ಗುಂಡುಗಳಿಗೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಉರಿಯತೊಡಗಿತು, ಇಪ್ಪತ್ತೈದಕ್ಕೆ ಅದು ಕೆಂಪಾಗಿ ಬಾತಿತು. ಐವತ್ತರ ಪೆಟ್ಟಿಗೆಯನ್ನು ನಾನು ಒಂದೇ ದಿನ ಮುಗಿಸಿದ್ದು ಬಹುಶಃ ಒಮ್ಮೆಯೂ ಇಲ್ಲ. ಕಾಗದದ ಮೇಲೆ ರಂಧ್ರಗಳು ಕೆಳಗೆ, ಎಡಕ್ಕೆ ಚದುರಿ ಬೀಳುತ್ತಿದ್ದವು. ಸೈಟ್, ಅಂದರೆ ಗುರಿ ಹಿಡಿಯಲು ನೋಡುವ ಗುರುತು, ಸರಿಯಿಲ್ಲವೆಂದು ನಾನು ನಂಬಿದ್ದೆ.

ಒಂದು ದಿನ ರೇಂಜಿನಲ್ಲಿ (ಗುರಿಹೊಡೆತದ ಅಭ್ಯಾಸದ ಜಾಗದಲ್ಲಿ) ಹಿರಿಯರೊಬ್ಬರು ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ನನಗೆ ಕಾಣದಂತೆ ತಿರುಗಿ ನಿಂತು, ಗುಂಡು ಕೂರುವ ಐದು ಚೇಂಬರ್‌ಗಳಲ್ಲಿ ಮೂರಕ್ಕೆ ಜೀವಂತ ಗುಂಡುಗಳನ್ನೂ ಎರಡಕ್ಕೆ ಹಾರಿಸಿ ಖಾಲಿಯಾದ ಹಿತ್ತಾಳೆ ಕೋಶಗಳನ್ನೂ ಬೆರೆಸಿ ತುಂಬಿ ಮರಳಿಸಿದರು. ಎರಡನೆಯ ಸಲ ಟ್ರಿಗರ್ ಎಳೆದಾಗ ಬಂದದ್ದು ಟಕ್ಕೆಂಬ ಸದ್ದು ಮಾತ್ರ. ಆದರೆ ನಳಿಗೆಯ ಮೂತಿ ಎರಡು ಬೆರಳಷ್ಟು ಕೆಳಗೆ ಕುಸಿದದ್ದನ್ನು ನಾನೇ ಕಣ್ಣಾರೆ ಕಂಡೆ. ಬಾರದ ಒದೆತಕ್ಕೆ ಕೈ ಮೊದಲೇ ಬೆದರಿತ್ತು. ಸೈಟ್ ಸರಿಯಾಗಿಯೇ ಇತ್ತು. ಆ ಬೆದರಿಕೆಯನ್ನು ಕೈಯಿಂದ ಬಿಡಿಸಲು ನನಗೆ .22 ರಿವಾಲ್ವರ್ ಒಂದರಲ್ಲಿ ಸಾವಿರಾರು ಗುಂಡುಗಳು ಬೇಕಾದವು. ಮೊದಲೇ .22ರಿಂದ ಆರಂಭಿಸಿದ್ದರೆ ಬೆದರಿಕೆ ಕೈಗೆ ಹತ್ತುತ್ತಲೇ ಇರಲಿಲ್ಲ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ಇದರ ಹಿಂದಿನ ಕಾರಣ ಸರಳವಾದದ್ದು. ಗುಂಡು ಮುಂದಕ್ಕೆ ಹೋಗುವ ರಭಸದಷ್ಟೇ ರಭಸ ರಿವಾಲ್ವರಿಗೂ ಹಿಂದಕ್ಕೆ ಸಿಗುತ್ತದೆ, ಅದನ್ನು ನುಂಗಿಕೊಳ್ಳುವುದು ಉಕ್ಕಿನ ತೂಕ. ಸ್ಮಿತ್ ಅಂಡ್ ವೆಸನ್ ಕಂಪನಿಯ ಮಾಡೆಲ್ 10, ನಾಲ್ಕು ಅಂಗುಲದ ನಳಿಗೆಯೊಂದಿಗೆ ಸುಮಾರು 960 ಗ್ರಾಂ ತೂಗುತ್ತದೆ. ಅದೇ ಕಂಪನಿಯ ಚಿಕ್ಕ ಫ್ರೇಮಿನ ಉಕ್ಕಿನ ಮಾಡೆಲ್ 36 ಸುಮಾರು 550 ಗ್ರಾಂ ಇದ್ದರೆ, ಅಲ್ಯೂಮಿನಿಯಂ ಫ್ರೇಮಿನ ಸೋದರ ಮಾದರಿಗಳು ಸುಮಾರು 425 ಗ್ರಾಂ ಆಸುಪಾಸಿನಲ್ಲಿವೆ. ಒಂದೇ .38 ಗುಂಡು, ಆದರೆ ಅರ್ಧಕ್ಕೂ ಕಡಿಮೆ ತೂಕದ ರಿವಾಲ್ವರ್ ಹಿಂದಕ್ಕೆ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಬರುತ್ತದೆ. ಇದರ ಜೊತೆಗೆ ಚಿಕ್ಕ ಹಿಡಿಯಲ್ಲಿ ಕಿರುಬೆರಳಿಗೆ ಜಾಗವಿರುವುದಿಲ್ಲ, ಸೈಟ್ ಎಂದರೆ ಫ್ರೇಮಿನ ಮೇಲೆ ಕೊರೆದ ಒಂದು ಗೀರು ಮಾತ್ರ, ಮುಂದಿನ ಮತ್ತು ಹಿಂದಿನ ಸೈಟುಗಳ ನಡುವಣ ಅಂತರ ಕಡಿಮೆಯಾದಷ್ಟೂ ಕೈಯ ಸಣ್ಣ ತಪ್ಪು ಗುರಿಹಲಗೆಯ ಮೇಲೆ ದೊಡ್ಡದಾಗಿ ಮೂಡುತ್ತದೆ.

ಚಿಕ್ಕ ರಿವಾಲ್ವರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 1927ರ ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್ ಆ ಸಣ್ಣ ಮೈಯಲ್ಲಿ ಆರು ಗುಂಡುಗಳನ್ನು ಹಿಡಿಸಿತ್ತು. 1950ರಲ್ಲಿ ಬಂದ ಚೀಫ್ಸ್ ಸ್ಪೆಷಲ್, ಅಂದರೆ ಮುಂದೆ ಮಾಡೆಲ್ 36 ಎನಿಸಿಕೊಂಡದ್ದು, ಇಂದಿಗೂ ಆ ವರ್ಗದ ಎಲ್ಲ ಐದು ಗುಂಡಿನ ರಿವಾಲ್ವರ್‌ಗಳಿಗೆ ಮಾದರಿ. ಆದರೆ ಇವು ಕಲಿತ ಕೈಗೆ ಮಾಡಿದ ಉಪಕರಣಗಳು. ಎರಡನೆಯದಾಗಿ ಇದನ್ನು ಕೊಂಡವರು ಬಹಳ ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ.

ಸಿಂಗಲ್ ಆ್ಯಕ್ಷನ್ನೋ, ಡಬಲ್ ಆ್ಯಕ್ಷನ್ನೋ

ಸಿಂಗಲ್ ಆ್ಯಕ್ಷನ್ ರಿವಾಲ್ವರಿನಲ್ಲಿ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರನ್ನು (ಗುಂಡಿಗೆ ಪೆಟ್ಟು ಕೊಡುವ ಸುತ್ತಿಗೆಯನ್ನು) ಹಿಂದಕ್ಕೆ ಎಳೆಯಬೇಕು, ಟ್ರಿಗರ್ ಅದನ್ನು ಬಿಡುಗಡೆ ಮಾಡುತ್ತದೆ ಅಷ್ಟೇ. ಡಬಲ್ ಆ್ಯಕ್ಷನ್ನಿನಲ್ಲಿ ಟ್ರಿಗರ್ ಒಂದೇ ಎಳೆತದಲ್ಲಿ ಸಿಲಿಂಡರನ್ನು (ಚೇಂಬರುಗಳಿರುವ ಉರುಳೆಯನ್ನು) ತಿರುಗಿಸಿ, ಹ್ಯಾಮರನ್ನು ಎತ್ತಿ, ಬಿಟ್ಟುಬಿಡುತ್ತದೆ. ಬೇಕೆಂದಾಗ ಹ್ಯಾಮರನ್ನು ಕೈಯಿಂದ ಎತ್ತಿಯೂ ಹಾರಿಸಬಹುದು. ಹ್ಯಾಮರ್ ಎತ್ತಿದ ಮೇಲೆ ಟ್ರಿಗರಿಗೆ ಸಾಮಾನ್ಯವಾಗಿ ಒಂದೂವರೆ ಎರಡು ಕಿಲೋಗ್ರಾಂ ಒತ್ತಡ ಸಾಕು. ಡಬಲ್ ಆ್ಯಕ್ಷನ್ ಎಳೆತಕ್ಕೆ ಸುಮಾರು ಐದು ಕಿಲೋಗ್ರಾಂ ಬೇಕಾಗುತ್ತದೆ. ಈ ಐದು ಕಿಲೋಗ್ರಾಂ ಎಳೆಯುವಾಗ ಸೈಟ್ ಅಲುಗದಂತೆ ಹಿಡಿಯುವುದೇ ರಿವಾಲ್ವರ್ ವಿದ್ಯೆಯ ತಿರುಳು.

ಸಿಂಗಲ್ ಆ್ಯಕ್ಷನ್ ಕೊಂಡವರ ನೆನಪುಗಳಲ್ಲಿ ಒಂದು ನಿಧಾನದ ಸುಖವಿದೆ. 1873ರ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿಯ ಹಿಡಿ ಅಂಗೈಯಲ್ಲಿ ನೇಗಿಲ ಮೇಣಿಯ ಹಾಗೆ ಕೂರುತ್ತದೆ, ಹಾರಿಸಿದಾಗ ಒದೆಯುವ ಬದಲು ಮೇಲಕ್ಕೆ ಹೊರಳುತ್ತದೆ. ಒಂದೊಂದೇ ಗುಂಡನ್ನು ಪಕ್ಕದ ಕಿಂಡಿಯಿಂದ ತುಂಬಬೇಕು, ಒಂದೊಂದೇ ಕೋಶವನ್ನು ಸರಳಿನಿಂದ ತಳ್ಳಿ ತೆಗೆಯಬೇಕು. ಹೊಸಬರಿಗೆ ಇದು ಅನನುಕೂಲವೆಂದು ಹಲವರು ಬರೆಯುತ್ತಾರೆ, ನಾನು ಒಪ್ಪುವುದಿಲ್ಲ. ಆರು ಗುಂಡು ತುಂಬಲು ಒಂದು ನಿಮಿಷ ಹಿಡಿದರೆ, ಪ್ರತಿ ಗುಂಡನ್ನೂ ಯೋಚಿಸಿ ಹಾರಿಸುವ ಅಭ್ಯಾಸ ತಾನಾಗಿಯೇ ಬರುತ್ತದೆ. 1953ರಲ್ಲಿ ರೂಗರ್ ಕಂಪನಿ ತಂದ .22 ಅಳತೆಯ ಸಿಂಗಲ್ ಸಿಕ್ಸ್ ಈ ರೂಪವನ್ನೇ ಕಡಿಮೆ ಖರ್ಚಿನ ಗುಂಡಿಗೆ ಹೊಂದಿಸಿತು. ಎರಡು ಸಿಲಿಂಡರ್‌ಗಳೊಂದಿಗೆ ಬರುವ ಅದರ ಮಾದರಿಯಲ್ಲಿ ಒಂದಕ್ಕೆ .22 ಲಾಂಗ್ ರೈಫಲ್, ಇನ್ನೊಂದಕ್ಕೆ .22 ಮ್ಯಾಗ್ನಮ್ ಹಾಕಬಹುದು. ಆದರೆ ಎರಡನ್ನೂ ಅದಲುಬದಲು ಮಾಡುವಂತಿಲ್ಲ. ಮ್ಯಾಗ್ನಮ್ ಕೋಶ ದಪ್ಪವಾದ್ದರಿಂದ ಅದರ ಸಿಲಿಂಡರಿಗೆ ಸಣ್ಣದನ್ನು ತುಂಬಿದರೆ ಅದು ಒಳಗೆ ಸಡಿಲವಾಗಿದ್ದು ಸೀಳಿಹೋಗುತ್ತದೆ.

ಇಲ್ಲಿ ಜೀವದ ಪ್ರಶ್ನೆಯಾದ ಒಂದು ಮಾತನ್ನು ಬಿಡುವಂತಿಲ್ಲ. ಹಳೆಯ ವಿನ್ಯಾಸದ ಸಿಂಗಲ್ ಆ್ಯಕ್ಷನ್ನುಗಳಲ್ಲಿ ಹ್ಯಾಮರ್ ಕೆಳಗಿಳಿದು ಕುಳಿತಾಗ ಅದರ ಮೊನೆ ನೇರವಾಗಿ ಗುಂಡಿನ ಹಿಂಬದಿಯ ಮೇಲೇ ಇರುತ್ತದೆ. ಕೈತಪ್ಪಿ ಹ್ಯಾಮರಿನ ಮೇಲೆ ಬಿದ್ದರೆ ಗುಂಡು ಹಾರುತ್ತದೆ. ಅದಕ್ಕಾಗಿಯೇ ಹಳಬರು ಆರರಲ್ಲಿ ಐದನ್ನು ಮಾತ್ರ ತುಂಬಿ, ಹ್ಯಾಮರನ್ನು ಖಾಲಿ ಚೇಂಬರಿನ ಮೇಲೆ ಇಳಿಸುತ್ತಿದ್ದರು. 1973ರಲ್ಲಿ ರೂಗರ್ ತನ್ನ ಸಿಂಗಲ್ ಆ್ಯಕ್ಷನ್ನುಗಳಿಗೆ ಟ್ರಾನ್ಸ್‌ಫರ್ ಬಾರ್ ಎಂಬ ಸಣ್ಣ ಉಕ್ಕಿನ ಪಟ್ಟಿಯನ್ನು ಸೇರಿಸಿತು. ಟ್ರಿಗರ್ ಪೂರ್ತಿ ಎಳೆದಿದ್ದಾಗ ಮಾತ್ರ ಆ ಪಟ್ಟಿ ಮೇಲೆ ನಿಂತು ಹ್ಯಾಮರಿನ ಪೆಟ್ಟನ್ನು ಗುಂಡನ್ನು ಸಿಡಿಸುವ ಫೈರಿಂಗ್ ಪಿನ್ನಿಗೆ ದಾಟಿಸುತ್ತದೆ, ಉಳಿದ ಹೊತ್ತಿನಲ್ಲಿ ಹ್ಯಾಮರಿಗೂ ಪಿನ್ನಿಗೂ ಸಂಪರ್ಕವಿರುವುದಿಲ್ಲ. 1973ಕ್ಕೆ ಹಿಂದಿನ ಬ್ಲ್ಯಾಕ್‌ಹಾಕ್, ಸಿಂಗಲ್ ಸಿಕ್ಸ್‌ಗಳಿಗೆ ಇದನ್ನು ಉಚಿತವಾಗಿ ಅಳವಡಿಸಿಕೊಡುವ ಏರ್ಪಾಟನ್ನೂ ಕಂಪನಿ ಮಾಡಿತು. ತಾತನಿಂದಲೋ ಹಳೆಯ ಮಾಲೀಕನಿಂದಲೋ ನಿಮಗೆ ಸಿಂಗಲ್ ಆ್ಯಕ್ಷನ್ ಬಂದಿದ್ದರೆ, ಅದರಲ್ಲಿ ಈ ಪಟ್ಟಿ ಇದೆಯೋ ಇಲ್ಲವೋ ಎಂದು ಬಲ್ಲವರಿಂದ ನೋಡಿಸಿಕೊಳ್ಳದೆ ಆರನೆಯ ಗುಂಡನ್ನು ತುಂಬಬೇಡಿ.

ನನ್ನ ತೀರ್ಮಾನ ಕೇಳಿದರೆ, ಬರಿಯ ಗುರಿಹೊಡೆತದ ಸಂತೋಷಕ್ಕಾಗಿ ಕೊಳ್ಳುವವರಿಗೆ .22ರ ಸಿಂಗಲ್ ಆ್ಯಕ್ಷನ್ ಅತ್ಯುತ್ತಮ ಆರಂಭ. ಮುಂದೆ ಬೇರೆ ಬೇರೆ ರಿವಾಲ್ವರ್‌ಗಳನ್ನು ಬಳಸುವ ಮನಸ್ಸುಳ್ಳವರು ಡಬಲ್ ಆ್ಯಕ್ಷನ್ನಿನಿಂದಲೇ ಆರಂಭಿಸಲಿ. ಡಬಲ್ ಆ್ಯಕ್ಷನ್ ಕಲಿತವರಿಗೆ ಸಿಂಗಲ್ ಆ್ಯಕ್ಷನ್ ತಾನಾಗಿ ಒಲಿಯುತ್ತದೆ, ಸಿಂಗಲ್ ಆ್ಯಕ್ಷನ್ನಿನಿಂದ ಬಂದವರು ಡಬಲ್ ಆ್ಯಕ್ಷನ್ನಿನ ದೀರ್ಘ ಎಳೆತವನ್ನು ಹೊಸದಾಗಿಯೇ ಕಲಿಯಬೇಕಾಗುತ್ತದೆ.

ಗುಂಡಿನ ಅಳತೆ: .22, .38, .357

.22 ಲಾಂಗ್ ರೈಫಲ್ ಬಗ್ಗೆ ವಾದವೇ ಇಲ್ಲ. ಒದೆತವಿಲ್ಲ, ಸದ್ದು ಇತರ ಗುಂಡುಗಳಿಗಿಂತ ಕಡಿಮೆ, ಗುಂಡು ಅಗ್ಗ. ಆದರೆ ರಿವಾಲ್ವರಿನಲ್ಲಿ ಅದಕ್ಕೆ ಎರಡು ಕೊರತೆಗಳಿವೆ. ಇದರ ಸಿಡಿಮದ್ದು ಕೋಶದ ಅಂಚಿನಲ್ಲಿರುವುದರಿಂದ ಅದನ್ನು ಸಿಡಿಸಲು ಬಲವಾದ ಪೆಟ್ಟು ಬೇಕು, ಹಾಗಾಗಿ .22 ಡಬಲ್ ಆ್ಯಕ್ಷನ್ನಿನ ಟ್ರಿಗರ್ ಅದೇ ಗಾತ್ರದ .38ಕ್ಕಿಂತ ಗಡುಸಾಗಿರುವುದುಂಟು. ಜೊತೆಗೆ ಮಸಿ ಬೇಗ ಕಟ್ಟುತ್ತದೆ. ನೂರು ಗುಂಡುಗಳಾದ ಮೇಲೆ ಚೇಂಬರ್‌ಗಳನ್ನು ಒಮ್ಮೆ ಕುಂಚದಿಂದ ಉಜ್ಜದಿದ್ದರೆ ಗುಂಡು ಒಳಗೆ ಇಳಿಯಲು ಮೊಂಡು ಮಾಡುತ್ತದೆ. ಗುಂಡಿಲ್ಲದೆ ಟ್ರಿಗರ್ ಎಳೆದು ಅಭ್ಯಾಸ ಮಾಡುವುದಾದರೂ ತಯಾರಕರ ಕೈಪಿಡಿ ಒಪ್ಪಿದರೆ ಮಾತ್ರ ಮಾಡಬೇಕು, ಇಲ್ಲವಾದರೆ ಪಿನ್ನು ಚೇಂಬರಿನ ಅಂಚಿಗೆ ಬಡಿದು ಅಲ್ಲಿ ಗುಳಿ ಬೀಳಿಸುತ್ತದೆ.

ನಿಜವಾದ ಗೊಂದಲ ಇರುವುದು .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ನಡುವೆ. ಹೆಸರು ಬೇರೆಯಾದರೂ ಎರಡರ ಗುಂಡಿನ ದಪ್ಪ ಒಂದೇ. .38ರ ಕೋಶ ಸುಮಾರು 29 ಮಿಲಿಮೀಟರ್ ಉದ್ದವಿದ್ದರೆ .357ರದ್ದು ಸುಮಾರು 33 ಮಿಲಿಮೀಟರ್. 1935ರಲ್ಲಿ ಮ್ಯಾಗ್ನಮ್ ಬಂದಾಗ ಕೋಶವನ್ನು ಉದ್ದ ಮಾಡಿದ್ದೇ, ಅದು ಹಳೆಯ .38 ರಿವಾಲ್ವರುಗಳೊಳಗೆ ಹೋಗಬಾರದೆಂದು. ಅಮೆರಿಕದ ಉದ್ಯಮ ಮಾನದಂಡದಂತೆ .38 ಸ್ಪೆಷಲ್ಲಿನ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 17,000 ಪೌಂಡ್, .357ರದ್ದು 35,000 ಪೌಂಡ್. ಅಂದರೆ .357 ರಿವಾಲ್ವರಿನಲ್ಲಿ .38 ಹಾರಿಸಬಹುದು, .38 ರಿವಾಲ್ವರಿನಲ್ಲಿ .357 ಎಂದಿಗೂ ಕೂಡದು. ಇದೊಂದು ಕಾರಣಕ್ಕೆ ಬಹುತೇಕ ಎಲ್ಲರೂ ಹೊಸಬರಿಗೆ .357 ಕೊಳ್ಳಿ, ಅದರಲ್ಲಿ .38 ಹಾರಿಸಿ ಎನ್ನುತ್ತಾರೆ. ಸಲಹೆ ಒಳ್ಳೆಯದೇ. ಆದರೆ ಅದರೊಂದಿಗೆ ಹೇಳಬೇಕಾದ ಎರಡು ಮಾತುಗಳನ್ನು ಹೆಚ್ಚಿನವರು ಹೇಳುವುದಿಲ್ಲ.

ಒಂದು, ಗಿಡ್ಡ ಕೋಶದ .38 ಅನ್ನು ಉದ್ದ ಚೇಂಬರಿನಲ್ಲಿ ನೂರಾರು ಸಲ ಹಾರಿಸಿದರೆ, ಕೋಶದ ಬಾಯಿ ನಿಲ್ಲುವ ಜಾಗದಿಂದ ಮುಂದಕ್ಕೆ ಮಸಿಯ ಉಂಗುರವೊಂದು ಕಟ್ಟಿಕೊಳ್ಳುತ್ತದೆ. ಆಮೇಲೆ ಒಂದು ದಿನ ಮ್ಯಾಗ್ನಮ್ ತುಂಬಲು ಹೋದರೆ ಅದು ಪೂರ್ತಿ ಇಳಿಯುವುದಿಲ್ಲ, ಒತ್ತಿ ಇಳಿಸಿ ಹಾರಿಸಿದರೆ ಖಾಲಿ ಕೋಶ ಹೊರಬರುವುದಿಲ್ಲ. ಕಂಚಿನ ಕುಂಚ ಮತ್ತು ದ್ರಾವಕ ಹಾಕಿ ಪ್ರತಿ ಸಲವೂ ಚೇಂಬರ್‌ಗಳನ್ನು ಉಜ್ಜುವವರಿಗೆ ಇದರ ತೊಂದರೆಯೇ ಬಾರದು. ಎರಡು, .357 ಎಂದು ಬರೆದ ರಿವಾಲ್ವರುಗಳೆಲ್ಲ ಒಂದೇ ಗಟ್ಟಿಯವಲ್ಲ. 1955ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ನಿನ ಮಾಡೆಲ್ 19, ಮಾಡೆಲ್ 10ರ ಮಧ್ಯಮ ಫ್ರೇಮಿನ ಮೇಲೆಯೇ ಕಟ್ಟಿದ ಸುಂದರ ರಿವಾಲ್ವರ್. ಹಗಲಿಡೀ ಸೊಂಟದಲ್ಲಿದ್ದರೂ ಭಾರವೆನಿಸದು. ಆದರೆ ಸಿಲಿಂಡರಿಗೆ ಜಾಗ ಬಿಡಲು ಅದರ ನಳಿಗೆಯ ಹಿಂತುದಿಯ ಕೆಳಭಾಗವನ್ನು ಚಪ್ಪಟೆಯಾಗಿ ಕತ್ತರಿಸಿದ್ದಾರೆ. ಹಗುರ ಗುಂಡಿನ, ಹೆಚ್ಚು ವೇಗದ ಮ್ಯಾಗ್ನಮ್ಮುಗಳನ್ನು ಬಹಳವಾಗಿ ಹಾರಿಸಿದ ಹಲವು ಮಾಡೆಲ್ 19ಗಳು ಸರಿಯಾಗಿ ಆ ತೆಳು ಜಾಗದಲ್ಲೇ ಬಿರುಕು ಬಿಟ್ಟಿವೆ. ಅದಕ್ಕೇ 1980ರ ದಶಕದ ಆರಂಭದಲ್ಲಿ ಸ್ವಲ್ಪ ದೊಡ್ಡ ಫ್ರೇಮಿನ 586, 686 ಮಾಡೆಲ್‌ಗಳು ಬಂದವು. ರೂಗರಿನ ಜಿಪಿ100 ಅದೇ ದಶಕದ ನಡುವೆ ಬಂದು, ಸುಮಾರು 1.1 ಕಿಲೋಗ್ರಾಂ ತೂಕದೊಂದಿಗೆ, ಮ್ಯಾಗ್ನಮ್ ಎಷ್ಟು ಹಾರಿಸಿದರೂ ಜಗ್ಗದ್ದೆಂದು ಹೆಸರು ಮಾಡಿತು.

ಹೀಗಾಗಿ ಆಯ್ಕೆಯನ್ನು ನಾನು ಹೀಗೆ ಬಿಡಿಸುತ್ತೇನೆ. ಮ್ಯಾಗ್ನಮ್ಮನ್ನು ನಿಜವಾಗಿಯೂ ಆಗಾಗ ಹಾರಿಸುವಿರಾದರೆ 686 ಅಥವಾ ಜಿಪಿ100 ವರ್ಗದ ಭಾರದ ರಿವಾಲ್ವರ್ ತೆಗೆದುಕೊಳ್ಳಿ. ಹಾರಿಸುವುದೆಲ್ಲ .38 ಆಗಿದ್ದು ಎಂದೋ ಒಮ್ಮೆ ಮ್ಯಾಗ್ನಮ್ ಎಂದಾದರೆ ಮಾಡೆಲ್ 19ರಂಥದ್ದು ಸಾಕು, ಗುಂಡು ಮಾತ್ರ 158 ಗ್ರೇನ್ ತೂಕದ, ಅಂದರೆ ಸುಮಾರು 10 ಗ್ರಾಮಿನ ಭಾರದ್ದಿರಲಿ. ಮ್ಯಾಗ್ನಮ್ ಬೇಡವೇ ಬೇಡ ಎನ್ನುವವರು .38 ಮಾತ್ರ ಹಾರಿಸುವ ಹಳೆಯ ಸರ್ವಿಸ್ ರಿವಾಲ್ವರ್ ಕೊಂಡರೆ ಅದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಕಾಗದದ ಗುರಿಗೆ ಹಾರಿಸುವಾಗ ಚಪ್ಪಟೆ ಮೂತಿಯ ವಾಡ್‌ಕಟರ್ ಗುಂಡುಗಳನ್ನು ಒಮ್ಮೆ ಪ್ರಯತ್ನಿಸಿ. ಸೆಕೆಂಡಿಗೆ ಇನ್ನೂರು ಮೀಟರಿನಷ್ಟು ನಿಧಾನವಾಗಿ ಹೋಗಿ, ಕಾಗದವನ್ನು ಹರಿಯದೆ, ಪಂಚಿಂಗ್ ಯಂತ್ರ ಕೊರೆದಂತೆ ದುಂಡಗೆ ತೂತು ಮಾಡುತ್ತವೆ. ಎರಡು ತೂತುಗಳು ಒಂದಕ್ಕೊಂದು ತಾಗಿ ಎಂಟರ ಅಂಕಿಯಂತೆ ಕಂಡ ಮೊದಲ ದಿನವನ್ನು ಯಾರೂ ಮರೆಯುವುದಿಲ್ಲ.

.44 ಮ್ಯಾಗ್ನಮ್ ಮತ್ತು ಅದಕ್ಕಿಂತ ದೊಡ್ಡವು ಮೊದಲನೆಯದಾಗಿ ಬೇಡ. ಇದನ್ನು ವಿವರಿಸಲು ಹೆಚ್ಚು ಮಾತು ಬೇಕಿಲ್ಲ. ಪೆಟ್ಟಿಗೆಯಲ್ಲಿ ಐವತ್ತು ಗುಂಡಿದ್ದು ಆರು ಮಾತ್ರ ಹಾರಿಸಿ ಮಾರಿದವರ ಕಥೆಗಳು ಸಾಕಷ್ಟಿವೆ.

ನಳಿಗೆ, ಹಿಡಿ, ಮೈಬಣ್ಣ

ಎರಡು ಅಂಗುಲ, ನಾಲ್ಕು ಅಂಗುಲ, ಆರು ಅಂಗುಲ ಎಂಬ ಮೂರರಲ್ಲಿ ನಾಲ್ಕು ಅಂಗುಲವೇ ಮೊದಲನೆಯದಕ್ಕೆ ಸರಿ ಎಂಬುದು ನನ್ನ ನಂಬಿಕೆ. ಆರು ಅಂಗುಲದ್ದು ಗುರಿಗೆ ಇನ್ನೂ ಚೆನ್ನ, ಆದರೆ ಮುಂದಣ ಭಾರದಿಂದ ಹೊಸ ಕೈ ಬೇಗ ದಣಿದು ನಡುಗುತ್ತದೆ. ಹಿಡಿಯ ವಿಷಯವನ್ನು ಜನ ಕಡೆಗಣಿಸುತ್ತಾರೆ, ನಾನು ಅದಕ್ಕೆ ನಳಿಗೆಗಿಂತ ಹೆಚ್ಚಿನ ಬೆಲೆ ಕೊಡುತ್ತೇನೆ. ರಿವಾಲ್ವರ್ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಸುರಕ್ಷಿತ ದಿಕ್ಕಿಗೆ ಮೂತಿ ಮಾಡಿ, ಮುಂಗೈ ಮೂಳೆಯ ನೇರಕ್ಕೆ ನಳಿಗೆ ಬರುವಂತೆ ಹಿಡಿಯಿರಿ. ಆಗ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರಿನ ಮೇಲೆ ಸಲೀಸಾಗಿ ಕೂರಬೇಕು. ಬೆರಳ ತುದಿ ಮಾತ್ರ ಎಟುಕಿದರೆ ಫ್ರೇಮ್ ನಿಮಗೆ ದೊಡ್ಡದು, ಅಥವಾ ಹಿಡಿ ದಪ್ಪ. ಹಿಡಿಯನ್ನು ಬದಲಿಸಬಹುದು, ಫ್ರೇಮನ್ನು ಬದಲಿಸಲಾಗದು. ಯಾವ ಗಾತ್ರ ನಿಮಗೆ ಹೊಂದುತ್ತದೆ ಎಂಬುದನ್ನು ಕೈಯಲ್ಲಿ ಹಿಡಿದೇ ತಿಳಿಯಬೇಕು.

ಕರಿನೀಲಿ ಬಣ್ಣದ ಉಕ್ಕು ಕಣ್ಣಿಗೆ ಚೆಂದ, ಬೆವರಿಗೆ ಬೇಗ ತುಕ್ಕು ಹಿಡಿಯುತ್ತದೆ. 1965ರಲ್ಲಿ ಸ್ಮಿತ್ ಅಂಡ್ ವೆಸನ್ನಿನ ಮಾಡೆಲ್ 60ರೊಂದಿಗೆ ಬಂದ ಸ್ಟೇನ್‌ಲೆಸ್ ಸ್ಟೀಲ್ ರಿವಾಲ್ವರ್ ಈ ಚಿಂತೆಯನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿತು. ಇದು ನಿಮ್ಮ ಇಷ್ಟ.

ಹೊಸದೋ, ಬಳಸಿದ್ದೋ

ಹಳಬರಲ್ಲಿ ಅನೇಕರ ಮೊದಲನೆಯದು ಬೇರೊಬ್ಬರ ಕೈಯಲ್ಲಿ ಸವೆದು ಬಂದದ್ದು. 1899ರಲ್ಲಿ ಮಿಲಿಟರಿ ಅಂಡ್ ಪೊಲೀಸ್ ಎಂಬ ಹೆಸರಿನಿಂದ ಹುಟ್ಟಿ, 1957ರಲ್ಲಿ ಮಾಡೆಲ್ 10 ಎಂಬ ಸಂಖ್ಯೆ ಪಡೆದ ರಿವಾಲ್ವರ್ ಲಕ್ಷಗಟ್ಟಲೆಯಲ್ಲಿ ತಯಾರಾಗಿ ಪೊಲೀಸರ ಸೊಂಟದಲ್ಲಿ ಇದ್ದು ಬಂದಿದೆ. ಅಂಥವು ಹೆಚ್ಚು ಹೊತ್ತದ್ದು, ಕಡಿಮೆ ಹಾರಿಸಿದ್ದು. ಚರ್ಮದ ಚೀಲಕ್ಕೆ ಉಜ್ಜಿ ಮೂತಿಯ ಬಣ್ಣ ಬೆಳ್ಳಗಾಗಿದ್ದರೂ ಒಳಗಿನ ಯಂತ್ರ ಗಟ್ಟಿಯಾಗಿರುತ್ತದೆ. ನನ್ನ ಚಿಕ್ಕ ರಿವಾಲ್ವರ್ ಮಾರಿದ ಮೇಲೆ ನಾನು ಕೊಂಡದ್ದು ಇಂಥದ್ದೇ ಒಂದು. ಅದರ ಎಡ ಹಿಡಿಯ ಮೇಲೆ ಯಾರದೋ ಬೆಲ್ಟಿನ ಬಕಲ್ ಬಡಿದು ಬಡಿದು ಆದ ಕಚ್ಚೊಂದಿದೆ. ಹಿಡಿದಾಗಲೆಲ್ಲ ನನ್ನ ಮಧ್ಯದ ಬೆರಳು ಅಲ್ಲಿಗೇ ಹೋಗುತ್ತದೆ.

ಬಳಸಿದ್ದನ್ನು ಕೊಳ್ಳುವಾಗ ಮಾತಿಗೆ ಮರುಳಾಗದೆ ಕೈಯಿಂದ ಪರೀಕ್ಷಿಸಬೇಕು. ಮಾಲೀಕರ ಅನುಮತಿ ಕೇಳಿ, ಸಿಲಿಂಡರ್ ತೆರೆದು ಎಲ್ಲ ಚೇಂಬರ್‌ಗಳೂ ಖಾಲಿ ಎಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿದ ಮೇಲೆಯೇ ಮುಂದಿನದು. ಸಿಲಿಂಡರಿನ ಮೇಲೆ ಬೆರಳಿನಿಂದ ತುಸು ತಡೆ ಕೊಡುತ್ತ ಹ್ಯಾಮರನ್ನು ಬಹಳ ನಿಧಾನವಾಗಿ ಎತ್ತಿ. ಹ್ಯಾಮರ್ ಹಿಂದೆ ನಿಲ್ಲುವಷ್ಟರಲ್ಲಿ ಸಿಲಿಂಡರಿಗೆ ಬೀಗ ಬಿದ್ದ ಸಣ್ಣ ಸದ್ದು ಕೇಳಿರಬೇಕು. ಎಲ್ಲ ಚೇಂಬರ್‌ಗಳಿಗೂ ಇದನ್ನು ಮಾಡಿ, ಒಂದರಲ್ಲಿ ತಡವಾದರೂ ಅದರ ಟೈಮಿಂಗ್ ಹಾಳಾಗಿದೆ ಎಂದರ್ಥ. ಚೇಂಬರ್ ನಳಿಗೆಗೆ ಸರಿಯಾಗಿ ನೇರ ನಿಲ್ಲದಿದ್ದರೆ ಗುಂಡಿನ ಪಕ್ಕವನ್ನು ನಳಿಗೆಯ ಅಂಚು ಕೆತ್ತಿ ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಆಮೇಲೆ ಎತ್ತಿದ ಹ್ಯಾಮರನ್ನು ಹಿಂದಿನಿಂದ ಹೆಬ್ಬೆರಳಿನಲ್ಲಿ ಒತ್ತಿ ನೋಡಿ. ಟ್ರಿಗರ್ ಮುಟ್ಟದೆಯೇ ಅದು ಜಾರಿ ಬಿದ್ದರೆ ಆ ರಿವಾಲ್ವರನ್ನು ಅಲ್ಲಿಯೇ ಬಿಟ್ಟು ಬನ್ನಿ.

ಸಿಲಿಂಡರನ್ನು ಮುಂದಕ್ಕೂ ಹಿಂದಕ್ಕೂ ಅಲುಗಿಸಿ ನೋಡಿ. ಕೂದಲೆಳೆಯಷ್ಟು ಚಲನೆ ಸಹಜ, ಕಣ್ಣಿಗೆ ಎದ್ದು ಕಾಣುವಷ್ಟಿದ್ದರೆ ಸವೆತ. ಸಿಲಿಂಡರಿಗೂ ನಳಿಗೆಗೂ ನಡುವಣ ಸಂದು ಸಾಮಾನ್ಯವಾಗಿ 0.1ರಿಂದ 0.25 ಮಿಲಿಮೀಟರಿನೊಳಗೆ ಇರುತ್ತದೆ, ಅಳೆಯಲು ಮೆಕ್ಯಾನಿಕ್‌ಗಳು ಬಳಸುವ ಫೀಲರ್ ಗೇಜ್ ಸಾಕು. ಈ ಸಂದಿನಿಂದಲೇ ಹಾರಿಸಿದಾಗಲೆಲ್ಲ ಬೆಂಕಿಯಂಥ ಅನಿಲ ಪಕ್ಕಕ್ಕೆ ಚಿಮ್ಮುವುದು. ಆದ್ದರಿಂದ ಆಸರೆಯ ಕೈಯ ಬೆರಳು ಎಂದಿಗೂ ಅದರ ಹತ್ತಿರ ಬರಕೂಡದು. ತೆರೆದ ಸಿಲಿಂಡರನ್ನು ತಿರುಗಿಸಿ, ಖಾಲಿ ಕೋಶಗಳನ್ನು ಹೊರತಳ್ಳುವ ಎಜೆಕ್ಟರ್ ರಾಡ್ ಓಲಾಡುತ್ತದೆಯೇ ಎಂದು ಗಮನಿಸಿ. ಸಿನಿಮಾಗಳಲ್ಲಿ ಮಾಡುವಂತೆ ಮಣಿಕಟ್ಟನ್ನು ಕೊಡವಿ ಸಿಲಿಂಡರನ್ನು ಟಪ್ಪೆಂದು ಮುಚ್ಚುವ ಅಭ್ಯಾಸ ಇದ್ದವರ ಕೈಯಲ್ಲಿ ಸಿಲಿಂಡರನ್ನು ಹೊತ್ತ ಉಕ್ಕಿನ ತೋಳು ಬಾಗಿರುತ್ತದೆ, ಮತ್ತೆ ನೇರ ಮಾಡಲು ಬಲ್ಲವರೇ ಬೇಕು. ಬೆಳಕಿಗೆ ಹಿಡಿದು ನಳಿಗೆಯ ಒಳಗೆ ನೋಡಿದಾಗ ಎಲ್ಲಿಯಾದರೂ ಉಂಗುರದಂತೆ ಕಪ್ಪು ನೆರಳು ಕಂಡರೆ, ಹಿಂದೊಮ್ಮೆ ಒಳಗೆ ಸಿಕ್ಕಿಕೊಂಡ ಗುಂಡಿನ ಹಿಂದೆ ಇನ್ನೊಂದನ್ನು ಹಾರಿಸಿ ನಳಿಗೆ ಉಬ್ಬಿದೆ ಎಂದು ತಿಳಿಯಿರಿ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ, ಕೈಬಾರದವರು ಒಳಗನ್ನು ಬಿಚ್ಚಿದ್ದಾರೆ. ಸಿಲಿಂಡರ್ ಸುತ್ತ ಮೂಡಿದ ತೆಳು ಗೆರೆ ಮಾತ್ರ ದೋಷವಲ್ಲ, ತಿರುಗಿದ್ದಕ್ಕೆ ಅದು ಗುರುತು.

ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ನಡುವಣ ಹಳೆಯ ವಾದ ಇಲ್ಲಿ ಪ್ರಸ್ತುತವಾಗುತ್ತದೆ. ಕೋಲ್ಟ್ ಸಿಲಿಂಡರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಸ್ಮಿತ್‌ನದು ಅದಕ್ಕೆ ವಿರುದ್ಧ. ಹಳೆಯ ಕೋಲ್ಟ್‌ಗಳಲ್ಲಿ, 1955ರ ಮೂಲ ಪೈಥಾನ್ ಸೇರಿದಂತೆ, ಟ್ರಿಗರ್ ಎಳೆದು ಹಿಡಿದಾಗ ಸಿಲಿಂಡರ್ ಒಂದಿಷ್ಟೂ ಅಲುಗದೆ ಬಿಗಿಯಾಗಿ ನಿಲ್ಲುತ್ತದೆ. ಅದು ಅವುಗಳ ಕೀರ್ತಿಯೂ ಹೌದು, ತೊಡಕೂ ಹೌದು. ಆ ಬಿಗಿತ ಸವೆದರೆ ಸರಿಪಡಿಸಬಲ್ಲ ಕೈಗಳು ವಿರಳವಾಗುತ್ತಿವೆ. 2020ರಲ್ಲಿ ಮತ್ತೆ ಬಂದ ಪೈಥಾನ್ ಹೊಸ ವಿನ್ಯಾಸದ್ದು, ಅದಕ್ಕೆ ಈ ಮಾತು ಅನ್ವಯಿಸದು. ಮೇಲಿನಿಂದ ಮುರಿದು ತೆರೆಯುವ ವೆಬ್ಲಿ, ಏಳು ಗುಂಡಿನ 1895ರ ನಗಾಂತ್ ಮುಂತಾದವು ಚರಿತ್ರೆಯ ದೃಷ್ಟಿಯಿಂದ ಮನಸ್ಸು ಸೆಳೆಯುತ್ತವೆ. ಆದರೆ ನಗಾಂತ್‌ನ ಡಬಲ್ ಆ್ಯಕ್ಷನ್ ಎಳೆತ ಬಹಳ ಭಾರ, ಇವುಗಳ ಗುಂಡು ಹುಡುಕುವುದೂ ಕಷ್ಟ. ಗುಂಡು ಸಿಗದ ರಿವಾಲ್ವರ್ ಏನನ್ನೂ ಕಲಿಸದು.

ಕೊಂಡ ಮೇಲಿನ ಮೊದಲ ದಿನ

ರಿವಾಲ್ವರಿನೊಂದಿಗೆ ಅದೇ ದಿನ ಕೊಳ್ಳಬೇಕಾದವು ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ, ಶುಚಿ ಮಾಡುವ ಸಾಮಾನು, ಬೀಗವಿರುವ ಪೆಟ್ಟಿಗೆ. ಗುಂಡನ್ನು ಬೇರೆ ಜಾಗದಲ್ಲಿ, ಬೇರೆ ಬೀಗದಲ್ಲಿ ಇಡಬೇಕು. ಪ್ರತಿ ರಿವಾಲ್ವರಿನಲ್ಲೂ ಗುಂಡಿದೆ ಎಂದೇ ಭಾವಿಸುವುದು, ಹೊಡೆಯಬಾರದ ಕಡೆಗೆ ಮೂತಿ ತಿರುಗಿಸದಿರುವುದು, ಗುರಿ ಹಿಡಿಯುವವರೆಗೆ ಟ್ರಿಗರಿನಿಂದ ಬೆರಳು ದೂರವಿಡುವುದು, ಗುರಿಯ ಹಿಂದೆ ಏನಿದೆಯೆಂದು ಅರಿತಿರುವುದು ಮೊದಲ ದಿನದಿಂದಲೇ ಮೈಗೂಡಬೇಕು. ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ ಮೂತಿಯನ್ನು ಗುರಿಯತ್ತಲೇ ಹಿಡಿದು ಮೂವತ್ತು ಸೆಕೆಂಡು ಕಾಯಿರಿ. ಸದ್ದು ಎಂದಿಗಿಂತ ಮಂದವಾಗಿ ಬಂದರೆ ಇನ್ನೊಂದು ಗುಂಡು ಹಾರಿಸಬೇಡಿ, ನಳಿಗೆ ಖಾಲಿ ಇದೆಯೇ ಎಂದು ನೋಡುವವರೆಗೆ ನಿಲ್ಲಿಸಿ.

ಖಾಲಿ ಕೋಶಗಳನ್ನು ಹೊರಗೆ ಹಾಕುವಾಗ ಮೂತಿಯನ್ನು ಆಕಾಶಕ್ಕೆ ಎತ್ತಿ, ರಾಡನ್ನು ಒಂದೇ ಪೆಟ್ಟಿಗೆ ಪೂರ್ತಿ ಒತ್ತಿ. ಮೂತಿ ಕೆಳಗಿದ್ದರೆ ಸುಡದೆ ಉಳಿದ ಮದ್ದಿನ ಕಣಗಳು ಎಜೆಕ್ಟರಿನ ನಕ್ಷತ್ರಾಕಾರದ ಬಿಲ್ಲೆಯ ಅಡಿಗೆ ಸೇರುತ್ತವೆ, ಸಾಸಿವೆಯ ಸಿಪ್ಪೆಯಷ್ಟು ಕಣವೊಂದು ಸಾಕು, ಸಿಲಿಂಡರ್ ತಿರುಗದೆ ಬಿಗಿಯುತ್ತದೆ. ಹಲ್ಲುಜ್ಜುವ ಹಳೆಯ ಬ್ರಷ್ ಒಂದನ್ನು ಚೀಲದಲ್ಲಿ ಇಟ್ಟುಕೊಂಡಿದ್ದರೆ ಆ ಜಾಗವನ್ನು ಅಲ್ಲಿಯೇ ಉಜ್ಜಬಹುದು. ಮುಗಿದ ಮೇಲೆ ಊಟಕ್ಕೆ ಮೊದಲು ಕೈ ತೊಳೆಯುವುದು ಸೀಸದ ಕಾರಣದಿಂದ ಕಡ್ಡಾಯ.

ಮೊದಲ ದಿನ ಐವತ್ತು ಗುಂಡು ಸಾಕು. ಏಳು ಮೀಟರ್ ದೂರದಿಂದ, ಹ್ಯಾಮರ್ ಎತ್ತಿ ಹತ್ತು, ಉಳಿದದ್ದು ಡಬಲ್ ಆ್ಯಕ್ಷನ್ನಿನಲ್ಲಿ. ಜೊತೆಯಲ್ಲಿರುವವರಿಗೆ ನಡುನಡುವೆ ಖಾಲಿ ಕೋಶ ಬೆರೆಸಿ ತುಂಬಿಕೊಡಲು ಹೇಳಿ. ಟಕ್ಕೆಂದಾಗ ಮುಂದಿನ ಸೈಟ್ ಅಲುಗದೆ ನಿಂತರೆ, ಆರಿಸಿದ್ದು ನಿಮ್ಮ ಕೈಗೆ ಹೊಂದಿದೆ. ಕುಸಿದರೆ ಆ ದಿನ ಅಲ್ಲಿಗೇ ನಿಲ್ಲಿಸಿ, ಮುಂದಿನ ಸಲ ಇನ್ನೂ ಹಗುರ ಮದ್ದಿನ ಗುಂಡು ತನ್ನಿ.